ಆರಿದ ಪರದೆಯ ಮುಂದೆ

ನನ್ನ ಅಕ್ಕನಿಗೆ,

ಎದುರಿಗಿದ್ದರೆ ನೀನು ಮಾತನ್ನು ತಮಾಷೆಗೆ ತಿರುಗಿಸಿ ನನ್ನ ಬಾಯಿ ಕಟ್ಟಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಆ ಭಾನುವಾರ ಮಧ್ಯಾಹ್ನ ನಿನ್ನ ಕೋಣೆಯಲ್ಲಿ ಧಸಕ್ಕೆಂದ ನನ್ನ ಎದೆ ಇನ್ನೂ ತಹಬಂದಿಗೆ ಬಂದಿಲ್ಲ.

ನಮ್ಮಿಬ್ಬರದೂ ಒಂದೇ ಕಚೇರಿ, ಒಂದೇ ಕೆಲಸ. ಬಸ್ಸಿನ ಟಿಕೆಟ್ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವುದು. ಆದರೆ ಕೋಡ್ ಬರೆಯುವ ಎಡಿಟರ್ ಸಾಫ್ಟ್‌ವೇರ್ ಮಾತ್ರ ಒಬ್ಬೊಬ್ಬರದು ಒಂದೊಂದು. ಊಟದ ಮೇಜಿನಲ್ಲಿ ರಾಜಕೀಯಕ್ಕೆ ಜಗಳವಾಡಿದವರು ಕೈ ತೊಳೆಯುವಷ್ಟರಲ್ಲಿ ಮರೆಯುತ್ತಾರೆ. ಎಡಿಟರ್ ವಿಷಯಕ್ಕೆ ಜಗಳವಾಡಿದವರು ವಾರಗಟ್ಟಲೆ ಮುಖ ಊದಿಸಿಕೊಂಡು ಓಡಾಡುತ್ತಾರೆ. ಬೇಸತ್ತ ನಮ್ಮ ಮುಖ್ಯಸ್ಥರು, ಇನ್ನು ಎಲ್ಲರಿಗೂ ಒಂದೇ ಎಡಿಟರ್ ಎಂದು ಕಡ್ಡಿ ಮುರಿದಂತೆ ಹೇಳಿ, ಅದನ್ನು ಆರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ನಾನು ಆರಿಸಿದ್ದು ನೋಡಲು ಚೆಂದವಿತ್ತು ಅಕ್ಕ. ಒಂದೊಂದು ಬಗೆಯ ಪದಕ್ಕೆ ಒಂದೊಂದು ಬಣ್ಣ, ತಪ್ಪು ಮಾಡಿದರೆ ಅಡಿಯಲ್ಲಿ ಕೆಂಪು ಅಂಕುಡೊಂಕು ಗೆರೆ, ಬದಿಯಲ್ಲಿ ಪುಟ್ಟ ಪುಟ್ಟ ಚಿತ್ರಗಳ ಬಟನ್. ಎಲ್ಲರೂ ಒಪ್ಪಿದರು. ನೀನೊಬ್ಬಳು, ನನಗೆ ನನ್ನ ಹಳೆಯದೇ ಇರಲಿ ಅಂದೆ. ಕಾರಣ ಕೇಳಿದರೆ ನಕ್ಕು ಮಾತು ಬದಲಿಸಿದೆ. ಬಣ್ಣವಿಲ್ಲದ, ಬಟನ್ ಇಲ್ಲದ, ಬೋಳು ಹಾಳೆಯಂಥ ಎಡಿಟರ್ ನಿನ್ನದು. ನಮ್ಮ ಸಾಲಿನ ಗಡ್ಡದವನು ನಿನಗೆ ‘ಅಜ್ಜಿ’ ಎಂದು ಹೆಸರಿಟ್ಟ. ಅದಕ್ಕೂ ನಕ್ಕೆ.

ನಾನೇ ನಿನ್ನ ಮನೆಗೆ ಬಂದು ನಿನ್ನ ಕಂಪ್ಯೂಟರಿಗೆ ಅದನ್ನು ಹಾಕಿ, ಪಕ್ಕದಲ್ಲಿ ಕೂತು ಕಲಿಸಿದರೆ ನಿನ್ನ ಮೊಂಡುತನ ಇಳಿದೀತು ಎಂದುಕೊಂಡೆ. ಭಾವ ಬಾಗಿಲು ತೆಗೆದು, ಒಳಗೆ ಕೆಲಸದಲ್ಲಿದ್ದಾಳೆ ಅಂದರು. ನೀನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ಕಿವಿಗೆ ಹೆಡ್‌ಫೋನ್. ಬೆರಳುಗಳು ಕೀಬೋರ್ಡಿನ ಮೇಲೆ ಸರಸರ ಓಡುತ್ತಿದ್ದವು. ನಿನ್ನೆದುರಿನ ಪರದೆ ಆರಿತ್ತು.

ನನಗೆ ಅರ್ಥವೇ ಆಗಲಿಲ್ಲ. ಪರದೆ ಕೆಟ್ಟಿರಬೇಕು, ಇವಳಿಗೆ ಗಮನವಿಲ್ಲ ಎಂದು ಹತ್ತಿರ ಬಂದು ಕೈ ಚಾಚಿದೆ. ನೀನು ಬೆಚ್ಚಿ ನನ್ನ ಕಡೆ ತಿರುಗಿ, ಯಾರು ಎಂದು ಕೇಳಿದೆ. ಕಿಟಕಿಯ ಬೆಳಕು ನನ್ನ ಮುಖದ ಮೇಲೇ ಬೀಳುತ್ತಿತ್ತು, ಅಕ್ಕ. ಒಂದು ತೋಳಿನಷ್ಟು ದೂರ. ಆದರೂ ನೀನು ಯಾರು ಎಂದು ಕೇಳಿದೆ.

ನಾನು ನಿನ್ನ ಕೈ ಹಿಡಿದೆ. ಆ ಹಿಡಿತದಲ್ಲೇ ನಿನಗೆ ಗೊತ್ತಾಯಿತು. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟೆ. ಯಾವಳೋ ಒಬ್ಬಳು ಉಸಿರೂ ಎಳೆಯದೆ ಏನನ್ನೋ ಪಟಪಟನೆ ಉದುರಿಸುತ್ತಿದ್ದಳು. ನೀನು ವೇಗ ತಗ್ಗಿಸಿದಾಗ ತಿಳಿಯಿತು: ನೀನು ಬರೆದ ಕೋಡನ್ನು ಚುಕ್ಕಿ, ಕಾಮಾ, ಬ್ರಾಕೆಟ್ ಒಂದನ್ನೂ ಬಿಡದೆ ಯಂತ್ರ ನಿನಗೆ ಓದಿ ಹೇಳುತ್ತಿತ್ತು.

"ನಡುವೆ ಏನೂ ಕಾಣಲ್ಲ ಕಣೇ. ಅಂಚಲ್ಲಿ ಸ್ವಲ್ಪ ಬೆಳಕು, ಅಷ್ಟೇ," ಅಂದೆ, ಬಸ್ಸು ತಡವಾಯಿತು ಅನ್ನುವ ಹಾಗೆ.

ನಾನು ನಿನ್ನ ಮಂಚದ ಮೇಲೆ ಕೂತೆ. ಕಣ್ಣಿನ ನರ ಒಣಗುತ್ತಿದೆ, ಡಾಕ್ಟರು ಕೈಚೆಲ್ಲಿ ವರ್ಷವಾಯಿತು ಎಂದು ನೀನು ಹೇಳಿದೆ. ದಿನವೂ ನಿನ್ನ ಎದುರು ಮೇಜಿನಲ್ಲಿ ಕೂರುವವಳು ನಾನು. ಕಚೇರಿಯಲ್ಲಿ ನಿನ್ನ ಪರದೆ ಉರಿಯುತ್ತಿದ್ದದ್ದು ನಮಗೆ ತೋರಿಸಲಿಕ್ಕಂತೆ. ಬೇಜಾರಾಯಿತೆಂದು ಸ್ಕೂಟರ್ ಮಾರಿದ್ದು, ಅಕ್ಷರ ಬಲು ಸಣ್ಣದೆಂದು ಮಾತ್ರೆಯ ಹೆಸರನ್ನು ನನ್ನಿಂದ ಓದಿಸಿದ್ದು, ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿಯುತ್ತಿದ್ದದ್ದು, ಎಲ್ಲ ಒಟ್ಟಿಗೆ ಬಂದು ಎದುರು ನಿಂತವು. ತೋಳು ಹಿಡಿದದ್ದನ್ನು ನಾನು ಅಕ್ಕರೆ ಅಂದುಕೊಂಡಿದ್ದೆ. ಭಾವನಿಗೆ ಗೊತ್ತಿತ್ತು, ಸರಿ. ಅಮ್ಮನಿಗೂ ಗೊತ್ತಿತ್ತು ಎಂದು ನೀನು ಹೇಳಿದಾಗ ನನಗೆ ಅಳುವೂ ಬರಲಿಲ್ಲ.

ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮೊದಲು ಧೈರ್ಯ ಬರಲಿಲ್ಲ. ಆಮೇಲೆ ಆರಿಸೋಳು ನೀನಾದೆ. ತಂಗಿ ಅಕ್ಕನಿಗೋಸ್ಕರ ಆರಿಸಿದಳು ಅಂತಾಗೋದು ನನಗೆ ಬೇಡ ಇತ್ತು."

ಆಮೇಲೆ ನೀನೇ, ತಂದಿರೋದನ್ನ ಹಾಕಿ ನೋಡು ಅಂದೆ. ಹಾಕಿದೆ. ಆ ದನಿ ನನ್ನ ಚೆಂದದ ಎಡಿಟರಿನೊಳಗೆ ಹೋಗಿ, ಬಟನ್, ಬಟನ್, ಬಟನ್ ಅಂದಿತು. ಯಾವ ಬಟನ್, ಒತ್ತಿದರೆ ಏನಾಗುತ್ತದೆ, ಒಂದೂ ಹೇಳಲಿಲ್ಲ. ಬರೆಯುವ ಜಾಗಕ್ಕೆ ಬಂದು ಮೂಕವಾಯಿತು. ನಾನು ಅಷ್ಟು ಹುಡುಕಿ ಆರಿಸಿದ್ದರಲ್ಲಿ ನಿನಗೆ ಕಾಲಿಡಲೂ ಜಾಗವಿರಲಿಲ್ಲ. ಮುಂದಿನ ವಾರ ಅದು ಎಲ್ಲರಿಗೂ ಕಡ್ಡಾಯವಾಗುವುದಿತ್ತು. ಆಗ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದರೆ, ರಾಜೀನಾಮೆ ಕೊಡ್ತಿದ್ದೆ ಅಂದೆ. ಆ ಮಾತಿಗೂ ನಗು ಸೇರಿಸಲು ಹೋಗಿ, ಆ ಒಂದು ಸಲ ನಿನ್ನಿಂದಲೂ ಆಗಲಿಲ್ಲ.

ಕಚೇರಿಯ ಸಭೆಯಲ್ಲಿ ನಾನು ಹೇಳುತ್ತೇನೆಂದರೆ ನೀನು ಬಿಡಲಿಲ್ಲ. ನೀನೇ ಎದ್ದು ಎರಡೇ ಮಾತಲ್ಲಿ ಹೇಳಿದೆ. ಗಡ್ಡದವನು ಬಾಯಿಗೆ ಎತ್ತಿದ ಲೋಟವನ್ನು ಹಾಗೇ ಹಿಡಿದುಕೊಂಡು ಕೂತ. ಮುಖ್ಯಸ್ಥರು, ಇನ್ನು ಮುಂದೆ ಕೆಲಸ ಹೇಗಮ್ಮ ಎಂದರು.

"ಇಷ್ಟು ದಿನ ಹೇಗೋ ಹಾಗೇ ಸಾರ್," ಅಂದೆ ನೀನು.

ಅವರು ನನ್ನತ್ತ ನೋಡಿದರು. ನನ್ನ ಆಯ್ಕೆಯನ್ನು ವಾಪಸು ತಗೊಳ್ಳುತ್ತೇನೆ ಅಂದೆ ನಾನು. ಅವರವರ ಎಡಿಟರ್ ಅವರವರಿಗೇ ಇರಲಿ ಎಂದು ಹೇಳಿ ಅವರು ಎದ್ದುಹೋದರು. ಗಡ್ಡದವನು ಸಂಜೆ ನಿನ್ನ ಮೇಜಿನ ಬಳಿ ಬಂದು ನಿಂತ. ಆ ವೇಗದಲ್ಲಿ ಹೇಗೆ ಕೇಳಿಸಿಕೊಳ್ತೀರಿ ಎಂದ. ನೀನು ಅವನನ್ನು ಕೂರಿಸಿಕೊಂಡು ಕಲಿಸಿದೆ.

ಇವತ್ತು ಬೆಳಿಗ್ಗೆ ನೀನು ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಯಲು ದೂರದ ತರಬೇತಿ ಕೇಂದ್ರಕ್ಕೆ ಹೊರಟೆ. ಅಲ್ಲಿ ನಾನು ಮೇಲ್ ಮಾಡುವ ಈ ಪತ್ರವನ್ನು ನಿನ್ನ ಆ ದನಿಯೇ ಓದಿ ಹೇಳುತ್ತದೆ. ಒಂದು ಸಲವಾದರೂ ನಿಧಾನ ಮಾಡಿಕೊಂಡು ಕೇಳು. ನಿನ್ನ ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಬೀಸಿದ ಮೇಲೆ, ನಿನಗೆ ಇದು ಕಾಣುವುದಿಲ್ಲವೆಂದು ಹೊಳೆಯಿತು. ಕೈ ಇಳಿಸಿ ಪಕ್ಕಕ್ಕೆ ನೋಡಿದೆ. ಭಾವ ಇನ್ನೂ ಬೀಸುತ್ತಲೇ ಇದ್ದರು. ನಾನೂ ಮತ್ತೆ ಕೈ ಎತ್ತಿದೆ.

ಎಡವಿದರೆ ರಸ್ತೆಗೇ ನಾಲ್ಕು ಬೈದು ಮುಂದಕ್ಕೆ ನಡೆ. ಹುಷಾರಾಗಿ ಹೋಗಿ ಬಾ ಅಕ್ಕ.

ನಿನ್ನ ಎದುರು ಮೇಜಿನವಳು,
ತಂಗಿ