ಅದು ಯಾರ ತಲೆ

ಲಾಂಪಾಂಗ್, ಸೋಮವಾರ

ಡಾಕ್ಟರ್ ವೀರಾಯುತ್ ಅವರಿಗೆ ಕೈಮುಗಿದು,

ನನ್ನ ಮಗಳು ಸಿರಿಕಾಂಡಾಳ ತಲೆಬುರುಡೆಯ ಸ್ಕ್ಯಾನನ್ನು ಬ್ಯಾಂಕಾಕಿನ ವೈದ್ಯರ ಸಭೆಯಲ್ಲಿ ತೋರಿಸಲು ಒಪ್ಪಿಗೆ ಕೇಳಿದ್ದೀರಿ. ಸಂತೋಷದಿಂದ ತೋರಿಸಿ. ಆದರೆ ಅವಳ ಹೆಸರು ಅಳಿಸುತ್ತೇವೆ ಎಂದದ್ದು ಅವಳಿಗೆ ಸರಿಬರಲಿಲ್ಲ.

"ತಲೆ ಮೂಳೆ ಕಾಯ್ಲೇಲಿ ತಾನಾಗೇ ಕರಗಿ ಹೋಯ್ತು. ಹೆಸರನ್ನ ಇವ್ರು ಯಾಕಮ್ಮಾ ಅಳಿಸ್ಬೇಕು? ನಾನೇನು ಕಳ್ಳತನ ಮಾಡಿದೀನಾ?" ಎಂದು ನನ್ನ ಮೇಲೇ ಜಗಳಕ್ಕೆ ನಿಂತಳು.

ಕೂದಲು ಕತ್ತರಿಸುವುದು ನನ್ನ ಕಸುಬು. ತಲೆ ಪವಿತ್ರವೆಂದು ನಂಬಿದ ನಾನು ಎಳೆಮಗುವಿನ ತಲೆಯನ್ನೂ ಕ್ಷಮೆ ಕೇಳದೆ ಮುಟ್ಟಿದವಳಲ್ಲ. ಅಷ್ಟು ದೊಡ್ಡವರಾದ ನೀವೂ ಅವಳನ್ನು ಸ್ಕ್ಯಾನಿಗೆ ಮಲಗಿಸುವಾಗ ಕೈಮುಗಿದು, "ತಲೆ ಮುಟ್ತೀನಿ, ಕ್ಷಮಿಸಮ್ಮ" ಎಂದಿರಿ. "ಮುಟ್ಟಿ ಡಾಕ್ಟ್ರೇ, ಇನ್ನೂ ಸ್ವಲ್ಪ ಉಳ್ದಿದೆ" ಎಂದು ಅವಳು ನಿಮ್ಮನ್ನೇ ನಗಿಸಿದಳು. ಹಾಗೆ ಕೇಳಿ ಮುಟ್ಟಿದ ತಲೆಯನ್ನು ಈಗ ಯಾರದೋ ತಲೆ ಎಂದು ತೋರಿಸಬಹುದೇ?

ಸ್ಕ್ಯಾನಿನಲ್ಲಿ ಕಿವಿಯ ಮೇಲೆ ಕಾಣುವ, ಮೂಳೆ ಕರಗಿದ ಆ ಕಪ್ಪು ತೂತು ಈ ವರ್ಷ ಒಂದಿಷ್ಟೂ ಬೆಳೆದಿಲ್ಲ ಎಂದು ನೀವೇ ಹೇಳಿದಿರಿ. ಅದು ಅವಳು ಹಟ ಹಿಡಿದು ಗೆದ್ದದ್ದು.

ದಯವಿಟ್ಟು ಪೂರ್ತಿ ಹೆಸರು ಹಾಕಿ. ನಿಯಮ ಒಪ್ಪದಿದ್ದರೆ ಅಳಿಸಿಕೊಳ್ಳಿ, ಆದರೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡಿಸಿ. ತಲೆಗೆ ಪೆಟ್ಟು ಬೀಳದಂತೆ ಅವಳು ಹೆಲ್ಮೆಟ್ಟು ಹಾಕಿಕೊಂಡೇ ಬರುತ್ತಾಳೆ. ಇದು ಯಾರ ತಲೆ ಎಂದು ಯಾರಾದರೂ ಕೇಳಿದರೆ, ಎದ್ದು ನಿಲ್ಲುತ್ತಾಳೆ.

ಇಂತಿ,
ಸಿರಿಕಾಂಡಾಳ ತಾಯಿ