ಹುಲ್ಲು ಕೇಳಿ ಹುರುಳಿ ತಂದ ಅತ್ತೆಗೆ

ಪ್ರೀತಿಯ ಅತ್ತೆ,

ಮೊದಲು ‘ಕಾಮಾಕ್ಷಮ್ಮನವರಿಗೆ’ ಎಂದು ಬರೆದೆ. ಯಾವುದೋ ಬ್ಯಾಂಕಿನವರು ಬರೆದ ಹಾಗೆ ಕಂಡಿತು, ಹಾಳೆ ಹರಿದು ಹಾಕಿದೆ. ಡಿವೋರ್ಸ್ ಆದ ಮೇಲೆ ಗಂಡನ ತಾಯಿಯನ್ನು ಏನೆಂದು ಕರೆಯಬೇಕೋ ನನಗೆ ಯಾರೂ ಹೇಳಿಕೊಟ್ಟಿಲ್ಲ. ಪುಣ್ಯಕ್ಕೆ ನಮ್ಮ ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಪಕ್ಕದ ಮನೆಯವರೂ ಅತ್ತೆ. ಆ ಲೆಕ್ಕದಲ್ಲಾದರೂ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಿಷಯ ಇಷ್ಟೇ. ನಮ್ಮ ಗುಡ್ಡ ಈ ವರ್ಷ ಕೆಳಗಿಳಿಯಲಿಲ್ಲ. ಇದನ್ನು ಹೇಳಿಕೊಳ್ಳಲು ಇಡೀ ಪುಣೆಯಲ್ಲಿ ನನಗೊಬ್ಬರೂ ಸಿಗಲಿಲ್ಲ, ಅದಕ್ಕೇ ಈ ಕಾಗದ.

ಕೋಥರೂಡಿನ ಈ ನೆಲಮಹಡಿ ಮನೆಯ ಹಿಂದೆ, ಬಿಲ್ಡಿಂಗ್ ಕಟ್ಟುವಾಗ ಗುಡ್ಡ ಕಡಿದು ಬಿಟ್ಟ ಆ ಇಳಿಜಾರು ನಿಮಗೆ ಮರೆತಿರಲಾರದು. ನೀವು ನಂಜನಗೂಡಿನಿಂದ ಬಂದ ಮೊದಲ ಮಳೆಗಾಲದಲ್ಲೇ ಅದು ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಬಂದು ನಿಮ್ಮನ್ನು ಮಾತನಾಡಿಸಿತ್ತಲ್ಲ. ವಾಷಿಂಗ್ ಮಷಿನ್ನಿನ ಕಾಲು ಮುಳುಗುವಷ್ಟು ಕೆಸರು. ನಿಮ್ಮ ಮಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಕಾಲ್‌ನಲ್ಲಿದ್ದ. ನೀವು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಿರಿ, ನಾನು ಪ್ಯಾಂಟು ಮಡಚಿದೆ, ಇಬ್ಬರೂ ಕೆಸರು ಬಳಿದು ಬಕೆಟ್ಟಿಗೆ ತುಂಬಿದೆವು. ಮುಗಿದ ಮೇಲೆ ನೀವು ಹಿಂಬಾಗಿಲಲ್ಲಿ ನಿಂತು ಇಳಿಜಾರನ್ನು ದಿಟ್ಟಿಸಿ, “ಬೋಳು ಗುಡ್ಡ ಕಣೇ ಇದು. ಮೈಮೇಲೆ ಒಂದು ಗರಿಕೆ ಇಲ್ಲ. ಮಣ್ಣು ಪಾಪ ಏನನ್ನ ಹಿಡ್ಕೊಂಡು ನಿಲ್ಬೇಕು?” ಅಂದಿರಿ. ನನ್ನ ಅಮ್ಮ ಹೋದ ಮೇಲೆ ನನ್ನ ಜೊತೆ ಹಾಗೆ ಯಾರೂ ಕೆಲಸ ಮಾಡಿರಲಿಲ್ಲ, ಹಾಗೆ ಯಾರೂ ‘ಕಣೇ’ ಅಂದಿರಲಿಲ್ಲ.

ಮರುದಿನ ನೀವು ಒಬ್ಬರೇ ರಿಕ್ಷಾ ಹತ್ತಿ ಬಿಬವೇವಾಡಿಯ ಬೀಜದ ಅಂಗಡಿಗೆ ಹೋದದ್ದು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಭಾಷೆ ಬಾರದಿದ್ದರೇನು, ಕೈಬಾಯಿ ಇಲ್ಲವೇ ಎಂದು ಹೊರಟವರು ನೀವು. ಅಂಗಡಿಯವನ ಮುಂದೆ ನಿಂತು “ಹುಲ್ಲು, ಹುಲ್ಲು” ಅಂದಿರಂತೆ. ಅವನು “ಹುಲಗೇ ಪಾಹಿಜೇತ ಕಾ, ಆಜೀ?” ಅಂದನಂತೆ, ಹುಲಗೆ ಬೇಕಾ ಅಜ್ಜಿ ಅಂತ. ನಿಮಗೋ ಆನಂದ. ಮನೆಗೆ ಬಂದು ಚೀಲ ಇಳಿಸುತ್ತಲೇ, “ಮರಾಠಿ ಏನು ಬ್ರಹ್ಮವಿದ್ಯೆನಾ? ಹುಲ್ಲಿಗೆ ಹುಲಗೆ ಅಂತಾರೆ, ಅಷ್ಟೇ” ಎಂದು ನನಗೇ ಪಾಠ ಹೇಳಿದಿರಿ. ಚೀಲ ಬಿಚ್ಚಿದರೆ ಒಳಗೆ ಹುರುಳಿಕಾಳು! ಇಲ್ಲಿಯವರು ಹುರುಳಿಗೆ ಹುಲಗೆ ಅನ್ನುತ್ತಾರೆಂದು ನನಗೂ ಅವತ್ತೇ ಗೊತ್ತಾದದ್ದು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವಾಗ ನಿಮ್ಮ ಮಗ ಪುನೀತ ಬಾಗಿಲು ತೆಗೆದು, “ಸ್ವಲ್ಪ ಮೆಲ್ಲಗೆ, ಕ್ಲೈಂಟ್ ಇದಾರೆ” ಎಂದು ಹೇಳಿ ಮತ್ತೆ ಮುಚ್ಚಿಕೊಂಡ. ಸೋಲೊಪ್ಪುವವರೇ ನೀವು? “ಅರ್ಧ ಸಾರಿಗೆ, ಅರ್ಧ ಗುಡ್ಡಕ್ಕೆ” ಎಂದು ತೀರ್ಪು ಕೊಟ್ಟಿರಿ. ಹುರುಳಿಕಟ್ಟಿನ ಸಾರು ವಾರಗಟ್ಟಲೆ ನಡೆಯಿತು. ಉಳಿದ ಕಾಳನ್ನು ಮಳೆ ಬಿಟ್ಟ ಹೊತ್ತಿನಲ್ಲಿ ಇಳಿಜಾರಿಗೆ ಎರಚಿದೆವು.

ಅದು ಹುಟ್ಟಿತು ಅತ್ತೆ, ಎಷ್ಟು ಚೆನ್ನಾಗಿ ಹುಟ್ಟಿತು! ಬಳ್ಳಿ ಹಬ್ಬಿ, ಎಲೆ ಹಾಸಿ, ಆ ವರ್ಷದ ಕೊನೆಯ ಮಳೆಗಳಲ್ಲಿ ಕೆಸರು ಹಿಂಬಾಗಿಲ ತನಕ ಬರಲೇ ಇಲ್ಲ. ಆದರೆ ದೀಪಾವಳಿ ಕಳೆಯುವಷ್ಟರಲ್ಲಿ ಒಣಗಿತು, ಬೇಸಿಗೆಯಲ್ಲಿ ಗುಡ್ಡ ಮತ್ತೆ ಬೋಳು. ಹುರುಳಿ ಬಂದು ಹೋಗುವ ನೆಂಟ, ಮಣ್ಣನ್ನು ಹದ ಮಾಡಿ ಹೊರಟುಬಿಡುತ್ತದೆ, ಬೇರೂರಿ ಉಳಿಯುವುದು ಹುಲ್ಲೇ ಎಂದು ಇಬ್ಬರಿಗೂ ಅರ್ಥವಾಯಿತು. ಮುಂದಿನ ಸಲ ಎರಡನ್ನೂ ಸೇರಿಸಿ ಬಿತ್ತೋಣ ಎಂದು ಮಾತಾಡಿಕೊಂಡೆವು.

ಮುಂದಿನ ಸಲ ಬರುವ ಮೊದಲೇ ನಾನೂ ಪುನೀತನೂ ಕೋರ್ಟಿನಲ್ಲಿದ್ದೆವು. ಅವನು ಕೆಟ್ಟವನೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಪೇಯಿಂಗ್ ಗೆಸ್ಟುಗಳ ಹಾಗಿದ್ದೆವು, ನೀವು ಬಂದಾಗ ಮಾತ್ರ ಅದು ಸಂಸಾರದಂತೆ ಕಾಣುತ್ತಿತ್ತು. ಇಬ್ಬರಿಗೂ ಒಪ್ಪಿಗೆಯೇ ಎಂದು ಜಡ್ಜ್ ಕೇಳಿದರು. ಹೌದೆಂದೆವು. ನಿಮ್ಮನ್ನೂ ನನ್ನನ್ನೂ ಮಾತ್ರ ಯಾರೂ ಕೇಳಲಿಲ್ಲ.

ಈ ಏಪ್ರಿಲ್‌ನಲ್ಲಿ ಸೊಸೈಟಿಯ ಮೀಟಿಂಗ್ ಆಯಿತು. ಇಳಿಜಾರಿಗೆ ಪೂರ್ತಿ ಸಿಮೆಂಟ್ ಬಳಿಸುವುದೆಂದು ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ನಿಂತು, ಒಂದು ಮಳೆಗಾಲ ನನಗೆ ಕೊಡಿ, ಹುಲ್ಲು ಬೆಳೆಸಿ ತೋರಿಸುತ್ತೇನೆ ಎಂದುಬಿಟ್ಟೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಸಿಮೆಂಟಿನ ಕೆಳಗೆ ನಮ್ಮ ನಗುವೂ ಮುಚ್ಚಿಹೋಗುತ್ತದೆ ಅನ್ನಿಸಿತೇನೋ. ಸೆಕ್ರೆಟರಿ ಕಾಕು ಕೆಟ್ಟ ಹೆಂಗಸಲ್ಲ, ಆದರೂ ಎಲ್ಲರ ಮುಂದೆ, “ಏಕಟೀಚ ರಾಹತೇಸ, ಕಶಾಲಾ ಏವಢಾ ತ್ರಾಸ?” ಎಂದು ಕೇಳಿದರು. ಒಬ್ಬಳೇ ಇರುವವಳಿಗೆ ಇಷ್ಟೆಲ್ಲ ಉಸಾಬರಿ ಯಾಕೆ ಅಂತ. ನಾನು ನಕ್ಕೆ. ಮನೆಗೆ ಬಂದು ಅನ್ನಕ್ಕಿಡುವುದನ್ನೂ ಮರೆತು ಕೂತಿದ್ದೆ.

ಆಮೇಲೆ ಹಟ ಹಿಡಿದೆ. ಮೇ ತಿಂಗಳ ಪ್ರತಿ ಶನಿವಾರ, ಭಾನುವಾರ ಬೆಳಿಗ್ಗೆ ಇಳಿಜಾರಿಗೆ ಅಡ್ಡಡ್ಡವಾಗಿ ಗುದ್ದಲಿಯಿಂದ ಗೀರು ಹಾಕಿದೆ. ಮೇಲಿಂದ ಕೆಳಕ್ಕೆ ಗೀರಿದರೆ ನಾವೇ ನೀರಿಗೆ ದಾರಿ ಮಾಡಿಕೊಟ್ಟ ಹಾಗೆ. ಹುಲ್ಲಿನ ಬೀಜ ಹತ್ತಿಯಂತೆ ಹಗುರ, ಉಫ್ ಅಂದರೆ ಪಕ್ಕದ ಸೊಸೈಟಿಗೆ ಹಾರುತ್ತದೆ. ಅದನ್ನು ಒದ್ದೆ ಮಣ್ಣಿನಲ್ಲಿ ಕಲಸಿ ಹಾಕಿದೆ. ಹುರುಳಿಯ ಬೇರಿನಲ್ಲಿ ಗಂಟು ಕಟ್ಟಿಸುವ ಒಂದು ಪುಡಿ ಬರುತ್ತದೆ, ಬೆಲ್ಲದ ನೀರಿನಲ್ಲಿ ಕದಡಿ ಕಾಳಿಗೆ ಸವರಿ ನೆರಳಿನಲ್ಲಿ ಒಣಗಿಸಬೇಕು. ನಡುಮನೆಯಲ್ಲಿ ಪೇಪರ್ ಹಾಸಿ ಹರವಿದೆ. ಬೆಲ್ಲದ ವಾಸನೆಗೆ ಕೋಥರೂಡಿನ ಇರುವೆಗಳೆಲ್ಲ ನಮ್ಮ ಮನೆಗೇ ಬಂದವು, ನೀವಿದ್ದಿದ್ದರೆ ಅವಕ್ಕೂ ಎಲೆ ಹಾಕಿ ಬಡಿಸುತ್ತಿದ್ದಿರಿ. ಬಿತ್ತಿದ ಮೇಲೆ ಹಳೆಯ ಗೋಣಿಚೀಲ ಬಿಚ್ಚಿ ಹೊದಿಸಿ, ಗೂಟ ಹೊಡೆದೆ. ಎರಡು ಕೈ ಸಾಲಲಿಲ್ಲ. ಒಂದು ತುದಿ ಹಿಡಿದರೆ ಇನ್ನೊಂದು ಗಾಳಿಗೆ ಹಾರುತ್ತಿತ್ತು, ಹಾರಿದಾಗೆಲ್ಲ ಅತ್ತೆ ಎಂದು ಕೂಗಬೇಕೆನಿಸುತ್ತಿತ್ತು.

ಮೊನ್ನೆ ಎರಡು ದಿನ ಬಿಡದೆ ಸುರಿಯಿತು. ಕೊಡೆ ಹಿಡಿದು ಹಿಂದೆ ಹೋಗಿ ನಿಂತೆ. ಹುರುಳಿ ಹಬ್ಬಿದೆ, ಅದರ ಎಲೆಯ ಕೆಳಗೆ ಹುಲ್ಲು ಸಣ್ಣಗೆ, ದಟ್ಟವಾಗಿ ಎದ್ದಿದೆ. ಮೇಲಿಂದ ನೀರು ಇಳಿದು ಬರುತ್ತಿತ್ತು, ತಿಳಿಯಾಗಿ, ಕೆಳಗಿನ ಕಲ್ಲು ಕಾಣುವಷ್ಟು ತಿಳಿಯಾಗಿ. ಸೆಕ್ರೆಟರಿ ಕಾಕು ಕಿಟಕಿಯಿಂದ, “ಮಸ್ತ ಝಾಲಂ ಗ! ಸಿಮೆಂಟ್ ಕ್ಯಾನ್ಸಲ್!” ಎಂದು ಕೂಗಿ ಒಳಗೆ ಹೋದರು. ಅಷ್ಟೇ. ಗೆದ್ದಿದ್ದೆ, ಆದರೆ ಯಾರ ಹೆಗಲಿಗೆ ಹೊಡೆದು ನಗಲಿ? ಒಳಗೆ ಬಂದು ಒಬ್ಬಳಿಗೇ ಕಾಫಿ ಮಾಡಿಕೊಂಡೆ, ಕುಡಿಯುವಾಗ ಅಳು ಬಂತು.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡಿ. ಯುಗಾದಿಗೆ ಮಾಡಿದ್ದೆ. “ನೋಡಿ, ಇನ್ಮೇಲೆ ನೀವು ಫೋನ್ ಮಾಡ್ಬೇಡಿ. ಪುನೀತನಿಗೆ ಹೆಣ್ಣು ಗೊತ್ತಾಗಿದೆ, ಅವರ ಕಡೆಯವರಿಗೆ ಗೊತ್ತಾದ್ರೆ ಚೆನ್ನಾಗಿರಲ್ಲ” ಎಂದಿರಿ. ಪಕ್ಕದಲ್ಲಿ ಯಾರೋ ಇದ್ದಿರಬೇಕು, ನಿಮ್ಮ ದನಿ ನಿಮ್ಮದಾಗಿರಲಿಲ್ಲ. ನೀವು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಮದುವೆಯಾಗಿ ಬಂದ ದಿನದಿಂದ ನನ್ನನ್ನು ಬಾರೇ ಹೋಗೇ ಅಂದವರ ಬಾಯಲ್ಲಿ ಆ ‘ನೀವು’ ಕೇಳಿ, ಕೋರ್ಟಿನಲ್ಲಿ ಆಗದ ನೋವು ಅವತ್ತು ಆಯಿತು.

ನಿನ್ನೆ ಗುಡ್ಡದ ಫೋಟೋ ವಾಟ್ಸಾಪಿನ ಸ್ಟೇಟಸ್‌ಗೆ ಹಾಕಿದೆ. ನೋಡಿದವರಲ್ಲಿ ಮೊದಲ ಹೆಸರು ನಿಮ್ಮದೇ ಇತ್ತು. ನನಗೆ ಅದು ಸಾಕು ಎಂದುಕೊಂಡೆ, ಸಾಲಲಿಲ್ಲ, ಬರೆಯಲು ಕೂತೆ.

ಹುಡುಗಿಯ ಹೆಸರು ಧನುಶ್ರೀಯಂತೆ. ಹೆದರಿಕೊಂಡೇ ಬರುತ್ತಾಳೆ, ನಾನೂ ಹಾಗೇ ಬಂದಿದ್ದೆ. ಅವಳ ತಲೆಗೆ ಎಣ್ಣೆ ಹಚ್ಚಿ, ಅಡುಗೆ ಕೆಟ್ಟರೆ ಬಯ್ಯಿರಿ, ಆಮೇಲೆ ನೀವೇ ಕೂತು ಉಣ್ಣಿ. ನನಗೆ ಸಿಕ್ಕಿದ್ದೆಲ್ಲ ಅವಳಿಗೂ ಸಿಗಲಿ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ಗಂಡನ ವಿಷಯಕ್ಕಲ್ಲ.

ಇದಕ್ಕೆ ಉತ್ತರ ಬರೆಯಬೇಡಿ, ನಾನೂ ಇನ್ನು ಫೋನ್ ಮಾಡುವುದಿಲ್ಲ. ಮದುವೆ ಸಾಂಗವಾಗಿ ನಡೆಯಲಿ, ನಿಮ್ಮ ಮನೆ ತುಂಬಿರಲಿ. ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದಿದ್ದೇನೆ. ಮನಸ್ಸಿನಲ್ಲೇ ಒಂದು ಆಶೀರ್ವಾದ ಮಾಡಿಬಿಡಿ. ದೊಡ್ಡ ಮಾತೇನೂ ಬೇಡ ಅತ್ತೆ, ‘ಚೆನ್ನಾಗಿರು’ ಅಂದರೆ ಸಾಕು. ‘ಚೆನ್ನಾಗಿರಿ’ ಅಂತ ಮಾತ್ರ ಅನ್ನಬೇಡಿ.

ನಿಮ್ಮ
ಇಂಪನಾ