ನಿನ್ನ ಚೀಲದಲ್ಲಿಟ್ಟ ಲ್ಯಾವೆಂಡರ್

ನನ್ನ ಪಕ್ಕದ ಸ್ಟೂಲಿನ ಅಕ್ಕನಿಗೆ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ, ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ನಾಲ್ಕು ವರ್ಷದಿಂದ ಈ ಎರಡು ಪ್ರಶ್ನೆಗಳನ್ನು ಬಾಯೊಳಗೇ ಇಟ್ಟುಕೊಂಡು ಓಡಾಡಿದ್ದೇನೆ. ಇವತ್ತು ಆಫೀಸಿನ ಹಳೇ ರಿಜಿಸ್ಟರಿನಲ್ಲಿ ನಿನ್ನ ವಿಳಾಸ ಸಿಕ್ಕಿತು. ನೀನು ಇನ್ನೂ ಆ ಮನೆಯಲ್ಲೇ ಇದ್ದೀಯೋ ಇಲ್ಲವೋ ದೇವರೇ ಬಲ್ಲ.

ಆರು ವರ್ಷ ನಾವಿಬ್ಬರೂ ಒಂದೇ ಮೇಜಿನ ಮುಂದೆ ಕೂತು ಲ್ಯಾವೆಂಡರ್ ಎಣ್ಣೆಯನ್ನು ಪುಟ್ಟ ಸೀಸೆಗಳಿಗೆ ತುಂಬಿದವರು. ನೀನು ತುಂಬುವುದು, ನಾನು ಸೀಸೆಯ ಬಾಯಿ ಒರೆಸಿ ಮುಚ್ಚಳ ಬಿಗಿಯುವುದು. ಚೀಟಿಯ ಮೇಲೆ 'ನೆಮ್ಮದಿಯ ನಿದ್ದೆಗೆ' ಎಂದು ಅಚ್ಚಾಗಿರುತ್ತಿತ್ತು. 'ಊರಿಗೆಲ್ಲ ನಿದ್ದೆ ಹಂಚ್ತೀವಿ, ನಮಗೆ ಮಾತ್ರ ಬಸ್ಸಲ್ಲಿ ತೂಕಡಿಕೆ' ಎಂದು ನೀನು ತಮಾಷೆ ಮಾಡುತ್ತಿದ್ದೆ. ಬೆಳಗ್ಗೆ ಒಂದು ಗಂಟೆ ಮಾತ್ರ ಆ ಘಮ ತಿಳಿಯುತ್ತಿತ್ತು, ಆಮೇಲೆ ನಮ್ಮ ಮೂಗಿಗೆ ನೀರೂ ಒಂದೇ, ಎಣ್ಣೆಯೂ ಒಂದೇ. ಅದಕ್ಕೇ ಅಲ್ಲವೇ ಗೇಟಿನಲ್ಲಿ, ಹೊರಗಿನ ಗಾಳಿಯಲ್ಲಿ ಕೂರಲು, ನಾವು ಮೂಗಿನ ಅತ್ತೆ ಎನ್ನುತ್ತಿದ್ದ ಹೆಂಗಸನ್ನು ಇಟ್ಟಿದ್ದು! ಸಂಜೆ ನಾವು ಸೋಪು ಹಾಕಿ ಕೈ ತೊಳೆದು, ಕೆಲಸದ ನಿಲುವಂಗಿ ಕಳಚಿ ಸಾಲಾಗಿ ನಿಂತರೆ ಒಬ್ಬೊಬ್ಬರ ಚೀಲವನ್ನೂ ಮೂಸಿಯೇ ಬಿಡುತ್ತಿದ್ದಳು. ಒಂದು ಹನಿ ಎಣ್ಣೆ ಹೊರಗೆ ಹೋದರೂ ಕೆಲಸ ಹೋದಂತೆಯೇ.

ಆಮೇಲೆ ನಿನ್ನ ಮಗಳು ಜ್ವರದಲ್ಲಿ ಹೋದಳು. ಎಂಟು ವರ್ಷದ ಕೂಸು. ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಾಗ ನಿನ್ನ ಕಣ್ಣು ನೋಡಲಾಗುತ್ತಿರಲಿಲ್ಲ. 'ಮಲಗಿದ್ರೆ ಪಕ್ಕದಲ್ಲಿ ಕೈ ತಾನಾಗೇ ತಡಕಾಡುತ್ತೆ ಕಣೇ. ಹೇಗೆ ನಿದ್ದೆ ಮಾಡ್ಲಿ?' ಎಂದು ನೀನು ಒಮ್ಮೆ ಕೇಳಿದೆ. ನೀನು ತುಂಬುವಾಗ ಎಣ್ಣೆ ಮೇಜಿನ ಮೇಲೆ ಚೆಲ್ಲತೊಡಗಿತು. ಮೇಲ್ವಿಚಾರಕಿ ಎರಡು ಸಲ ಎಚ್ಚರಿಕೆ ಕೊಟ್ಟರು.

ನನಗೆ ತಡೆಯಲಾಗಲಿಲ್ಲ. ಸೀಸೆ ಒರೆಸಿದ ಚಿಂದಿ ಹೇಗೂ ಸಂಜೆ ಕಸಕ್ಕೆ ಹೋಗುವಂಥದ್ದು. ಅದನ್ನೇ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನನ್ನ ಊಟದ ಡಬ್ಬಿಯೊಳಗಿಟ್ಟು ಗೇಟು ದಾಟಿಸಿ, ಬಸ್ ಸ್ಟಾಪಿನಲ್ಲಿ ನಿನ್ನ ಕೈಗಿಟ್ಟೆ. ದಿಂಬಿನ ಕೆಳಗಿಟ್ಟುಕೋ ಎಂದೆ. ಮರುದಿನ ನೀನು ಬಂದವಳೇ ನನ್ನ ಕೆನ್ನೆ ಹಿಂಡಿದೆ. 'ಅಯ್ಯೋ ಪಾಪಿ, ಐದು ಗಂಟೆ ಮಲಗಿದ್ದೆ ಕಣೇ! ಆದ್ರೆ ಇನ್ನೊಂದ್ಸಲ ಈ ಹುಚ್ಚಾಟ ಬೇಡ. ನಿನಗೆ ಹಾಸಿಗೆ ಹಿಡಿದ ಗಂಡ, ಎರಡು ಮಕ್ಕಳು. ಸಿಕ್ಕಿಬಿದ್ರೆ ಅವರಿಗೆ ಯಾರು ದಿಕ್ಕು?'

ಹೂಂ ಅಂದೆ. ಹೂಂ ಅಂದವಳು ಸುಮ್ಮನಿರಬೇಕಿತ್ತು. ನಿನ್ನ ಮಗಳು ಹುಟ್ಟಿದ ದಿನ ಬಂತು. ಈ ರಾತ್ರಿ ನೀನು ಹೇಗೆ ಕಳೆಯುತ್ತೀಯೋ ಅಂದುಕೊಂಡೆ. ಕೈಗೆ ಕೊಟ್ಟರೆ ಬೇಡ ಅನ್ನುತ್ತೀಯೆಂದು, ಊಟದ ಬಿಡುವಿನಲ್ಲಿ ಹೇಳದೆ ಕೇಳದೆ ಒಂದು ಚಿಂದಿಯನ್ನು ನಿನ್ನ ಚೀಲದ ತಳಕ್ಕೆ ತುರುಕಿದೆ. ಕವರು ಒಂದೇ ಸಿಕ್ಕಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದೆ, ಏನೂ ವಾಸನೆ ಬರಲಿಲ್ಲ. ಇಷ್ಟು ಸಾಕು ಅಂದುಕೊಂಡೆ. ಬೆಳಗ್ಗಿನಿಂದ ಆ ಎಣ್ಣೆಯಲ್ಲೇ ಕೂತ ಮೂಗನ್ನು ನಂಬಿದ ಮಂಕುದಿಣ್ಣೆ ನಾನು!

ಗೇಟಿನಲ್ಲಿ ಅತ್ತೆ ನಿನ್ನ ಚೀಲದ ಮುಂದೆ ನಿಂತುಬಿಟ್ಟಳು. ಚಿಂದಿ ಹೊರಬಂತು. ನೀನು ಅದನ್ನು ನೋಡಿದೆ, ಹಿಂದೆ ನಿಂತಿದ್ದ ನನ್ನನ್ನು ನೋಡಿದೆ. 'ನಾನೇ ತಗೊಂಡೆ, ನಿದ್ದೆ ಬರ್ತಿರ್ಲಿಲ್ಲ' ಅಂದುಬಿಟ್ಟೆ ನೀನು. ನನ್ನ ಬಾಯಿಗೆ ಏನಾಗಿತ್ತು ಅಕ್ಕಾ? ನನ್ನ ಗಂಡನ ಮಾತ್ರೆ, ಮಕ್ಕಳ ಶಾಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು, ನಾಲಿಗೆ ಏಳಲೇ ಇಲ್ಲ. ಎಲ್ಲರೆದುರು ನಿನ್ನನ್ನು ಕಳ್ಳಿ ಅಂದರು, ಅಲ್ಲೇ ಕೆಲಸದಿಂದ ತೆಗೆದರು. ನಾನು ನನ್ನ ಚೀಲ ತೆರೆದು ತೋರಿಸಿ, ಬಸ್ಸು ಹಿಡಿದು ಮನೆಗೆ ಹೋದೆ.

ನಿನ್ನನ್ನು ಹುಡುಕಿ ಬರಬೇಕಿತ್ತು. ಬೀದಿ ಗೊತ್ತು, ಮನೆ ಗೊತ್ತಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬೀದಿ ಗೊತ್ತಿದ್ದವಳಿಗೆ ಮನೆ ಕೇಳಲು ಬಾಯಿರಲಿಲ್ಲವೇ?

ಈಗ ಮೂಗಿನ ಅತ್ತೆ ಕೆಲಸ ಬಿಟ್ಟಿದ್ದಾಳೆ. ಆ ಜಾಗಕ್ಕೆ ನನ್ನನ್ನು ಕೂರಿಸುತ್ತಾರಂತೆ. ಬೇರೆಯವರ ಚೀಲ ಮೂಸುವುದಕ್ಕೆ, ನಾನು! ಕೆಲಸ ಹೋದರೆ ಹೋಗಲಿ ಎಂದು ಇವತ್ತು ಮೇಲ್ವಿಚಾರಕಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕಳ್ಳಿಯಲ್ಲ, ಇಟ್ಟವಳು ನಾನು ಎಂದೆ.

ಅವರು ಕನ್ನಡಕ ತೆಗೆದು ನಕ್ಕರು. 'ಕೊನೆಗೂ ಬಂದ್ಯಾ? ಅವಳನ್ನ ತೆಗೆದ ಮರುದಿನ ಬೆಳಗ್ಗೆ, ನಾನು ಬಾಗಿಲು ತೆಗೆಯೋ ಮೊದಲೇ ಬಂದು ನಿಂತಿದ್ಲು. “ನನ್ನ ಪಕ್ಕದವಳು ಈಗ ಬಂದು ತಾನೇ ಇಟ್ಟದ್ದು ಅಂತಾಳೆ, ಅವಳ ಮನಸ್ಸು ಮೆತ್ತಗೆ, ನಂಬ್ಬೇಡಿ, ಅವಳನ್ನ ಕೆಲಸದಿಂದ ತೆಗೀಬೇಡಿ” ಅಂತ ಕೈ ಮುಗಿದ್ಲು. ಹೋಗಮ್ಮ, ಕೆಲಸ ನೋಡು.' ಎಷ್ಟು ಅತ್ತು ಹೇಳಿದರೂ ಅವರು ನಂಬಲಿಲ್ಲ. ಹಳೇ ರಿಜಿಸ್ಟರು ತೆಗೆದು ನಿನ್ನ ವಿಳಾಸ ಮಾತ್ರ ಕೊಟ್ಟರು. ಗೇಟಿನ ಕೆಲಸ ನನಗೆ ಬೇಡ ಎಂದು ಹೇಳಿ ಬಂದೆ.

ಅಕ್ಕಾ, ಬೆಳಗಾಗುತ್ತಿದ್ದಂತೆ ನಾನು ನಿಜ ಹೇಳಿಬಿಡುತ್ತೇನೆ ಎಂದು ನಂಬಿ, ನನಗಿಂತ ಮೊದಲು ತಲುಪಬೇಕೆಂದು ನೀನು ಓಡೋಡಿ ಬಂದಿದ್ದೆ. ನಾನು ನಾಲ್ಕು ವರ್ಷ ತಡವಾಗಿ ಬಂದೆ.

ಎಲ್ಲಿದ್ದರೂ ಮಲಗಿದ ಕೂಡಲೇ ನಿನ್ನ ಕಣ್ಣು ಮುಚ್ಚಲಿ, ಬೆಳಗಿನವರೆಗೂ ಯಾವ ನೆನಪೂ ನಿನ್ನನ್ನು ಎಬ್ಬಿಸದಿರಲಿ. ಬರೆಯುವುದಾದರೆ ಬೈದೇ ಬರೆ.

ಇಂತಿ,
ಮುಚ್ಚಳ ಬಿಗಿಯುತ್ತಿದ್ದ ನಿನ್ನ ತಂಗಿ